ಧೂಳಪ್ಪನ ನಲವತ್ತು

ಬೆಳಿಗ್ಗೆ ಹಲ್ಲುಜ್ಜುತ್ತ ಧೂಳಪ್ಪ ಹೆಂಡತಿಗೆ ಒಂದು ಮಾತು ಹೇಳಿಬಿಟ್ಟ. ಬಾಯಿ ಮುಚ್ಚಿಕೊಂಡು ಹಲ್ಲುಜ್ಜಲು ಬರುವುದಿಲ್ಲ ನಿಜ. ಆದರೂ ಅವತ್ತೊಂದು ದಿನ ಪ್ರಯತ್ನಪಟ್ಟಿದ್ದರೆ ಚೆನ್ನಾಗಿತ್ತು.

"ಲೇ, ಇವತ್ತಿನಂಥ ಶುದ್ಧ ಗಾಳಿ ಈ ವರ್ಷ ಮತ್ತೆ ಸಿಗಲ್ಲ. ಬರೀ ನಲವತ್ತು!"

ಧೂಳಪ್ಪ ಅನ್ನೋದು ಅಪ್ಪ-ಅಮ್ಮ ಇಟ್ಟ ಹೆಸರಲ್ಲ. ಗಾಳಿ ಅಳೆಯುವ ಕಚೇರಿಯಲ್ಲಿ ಐದು ವರ್ಷದಿಂದ ತಾತ್ಕಾಲಿಕವಾಗಿ ಕೂತು, ನಾಳೆ ಗಾಳಿಯಲ್ಲಿ ಎಷ್ಟು ಧೂಳು, ಎಷ್ಟು ಹೊಗೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದವನಿಗೆ ಸಹೋದ್ಯೋಗಿಗಳು ಇಟ್ಟದ್ದು. ಸುತ್ತಲಿನ ಸೀಮೆಯನ್ನೆಲ್ಲ ಚೌಕ ಚೌಕ ಮಾಡಿ, ಯಾವ ಚೌಕದಿಂದ ಎಷ್ಟು ಕಣ ಏಳುತ್ತೆ, ಗಾಳಿ ಅದನ್ನು ಎಲ್ಲಿಗೆ ಹೊತ್ತೊಯ್ದು ಇಳಿಸುತ್ತೆ ಅನ್ನುವುದೇ ಅವನ ಮಾದರಿ. ರಸ್ತೆ, ಚಿಮಣಿ, ಕಲ್ಲಿನ ಕ್ವಾರಿ, ಎಲ್ಲಕ್ಕೂ ಅದರಲ್ಲಿ ಜಾಗ ಇತ್ತು. ಹಾಸಿಗೆಗೆ ಮಾತ್ರ ಇರಲಿಲ್ಲ.

ಅವತ್ತು ಮಾದರಿಯ ಪರೀಕ್ಷೆ. ಮುನ್ಸೂಚನೆಯ ಅಂಕವನ್ನು ಮಧ್ಯಾಹ್ನ ಹನ್ನೆರಡರೊಳಗೆ ಲಕೋಟೆಯಲ್ಲಿ ಹಾಕಿ ಸಮಿತಿಗೆ ಕೊಡಬೇಕು. ಮೂರರಿಂದ ನಾಲ್ಕು ಗಂಟೆಯ ತನಕ ಧೂಳು ಅಳೆಯುವ ಮೀಟರು ತೋರಿಸಿದ ಸರಾಸರಿ ಅದಕ್ಕೆ ಹೊಂದಿದರೆ ಧೂಳಪ್ಪನ ಕೆಲಸ ಖಾಯಂ. ಹೊಂದದಿದ್ದರೆ ವಿಭಾಗಕ್ಕೇ ಬೀಗ. ಮೀಟರು ಇದ್ದದ್ದು ಅವನದೇ ಬೀದಿಯ ಗ್ರಂಥಾಲಯದ ಮಹಡಿಯ ಮೇಲೆ. ಗಲಾಟೆಯಿಲ್ಲದ ಬೀದಿ ಅಂತ ಅವನೇ ಆರಿಸಿಕೊಂಡಿದ್ದ.

ಕಚೇರಿಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂಬತ್ತಕ್ಕೆ ಪರದೆಯ ಮೇಲೆ ಮೀಟರು ಮೂವತ್ತೆಂಟು ತೋರಿಸಿತು. ಧೂಳಪ್ಪ ಕೈಯುಜ್ಜಿಕೊಂಡ. ಹತ್ತಕ್ಕೆ ಎಪ್ಪತ್ತು. ಉಗುರು ಕಚ್ಚಿದ. ಹನ್ನೊಂದಕ್ಕೆ ನೂರಾ ನಲವತ್ತೆರಡು!

"ಏನಯ್ಯಾ ಇದು?" ಮುಖ್ಯಸ್ಥರು ಹಿಂದಿನಿಂದ ಇಣುಕಿದರು. ಒಳ್ಳೆಯ ಮನುಷ್ಯ, ಆದರೆ ಯಾರ ಕಷ್ಟ ಕಂಡರೂ ತಡೆಯದೆ ಕೈ ಹಾಕುವ ಗುಣ. "ನೀನು ನಲವತ್ತು ಅಂದಿದ್ದೆಯಲ್ಲ!"

"ಎಲ್ಲೋ ಎಡವಟ್ಟಾಗಿದೆ ಸಾರ್. ನೋಡ್ಕೊಂಡು ಬಂದೆ!" ಎಂದವನೇ ಮೆಟ್ಟಿಲು ಇಳಿದು ಓಡಿದ.

ಬೀದಿ ತಿರುಗುತ್ತಲೇ ಗಕ್ಕನೆ ನಿಂತ. ಪ್ರತಿ ಮನೆಯ ಕಟ್ಟೆಯ ಮೇಲೂ ಹಾಸಿಗೆ, ದಿಂಬು, ಜಮಖಾನ. ಎದುರುಮನೆ ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಳೆಯ ವೈರಿ ಸಿಕ್ಕವರಂತೆ ಒಂದು ಹಾಸಿಗೆಯನ್ನು ಬಡಿಯುತ್ತಿದ್ದರು. ನಿವೃತ್ತ ಡ್ರಿಲ್ ಮೇಷ್ಟ್ರು "ಒಂದ್! ಎರಡ್!" ಎಂದು ಎಣಿಸುತ್ತ ರತ್ನಗಂಬಳಿಗೆ ಕೋಲು ಬೀಸುತ್ತಿದ್ದರು. ಬೀದಿ ತುಂಬ ಮಂಜು ಕವಿದಂತೆ ಧೂಳು.

"ನಿಲ್ಲಿಸಿ ದೊಡ್ಡಮ್ಮ! ದಮ್ಮಯ್ಯ!"

"ಯಾಕಪ್ಪಾ? ಇವತ್ತು ಗಾಳಿ ಚೊಕ್ಕ ಇರುತ್ತೆ, ಹಾಸಿಗೆ ಹೊರಗೆ ಹಾಕೋಕೆ ಇದಕ್ಕಿಂತ ಒಳ್ಳೇ ದಿನ ಇಲ್ಲ ಅಂತ ನೀನೇ ಅಂದ್ಯಂತಲ್ಲ. ನಿನ್ನ ಹೆಂಡ್ತಿ ಹೇಳಿದ್ಲು."

ಧೂಳಪ್ಪ ತಿರುಗಿ ನೋಡಿದ. ಅವನ ಮನೆಯ ಮುಂದೆಯೇ ಮೂರು ಹಾಸಿಗೆ ಬಿದ್ದಿದ್ದವು. ಹೆಂಡತಿ ಕೋಲು ಹಿಡಿದು ನಿಂತಿದ್ದಳು. "ನಾನೇನು ಸುಳ್ಳು ಹೇಳಿದ್ನಾ?" ಎಂದಳು.

"ನನ್ನ ಕೆಲಸ ಹೋಗುತ್ತೆ ಮಾರಾಯ್ತಿ! ಎಲ್ಲಾ ಒಳಗೆ ತಗೊಂಡು ಹೋಗಿ, ನಾಳೆ ಬಡೀರಿ."

"ಹೊರಗೆ ತರೋಷ್ಟರಲ್ಲೇ ನಮ್ಮ ಪ್ರಾಣ ಹೋಗಿದೆ," ಎಂದರು ಮೇಷ್ಟ್ರು. "ಒಳಗೆ ಹೋಗ್ಬೇಕು ಅಂದ್ರೆ ನೀನೇ ಹೊತ್ಕೊಂಡು ಹೋಗಪ್ಪ."

ಬೇರೆ ದಾರಿ ಇರಲಿಲ್ಲ. ಧೂಳಪ್ಪ ಹದಿನೇಳು ಹಾಸಿಗೆ ಹೊತ್ತ. ಮೇಷ್ಟ್ರ ಮನೆ ಮೂರನೇ ಮಹಡಿ. ಕಂಬಳಿ ಹೊತ್ತು ಹತ್ತುವಾಗ ಮೇಷ್ಟ್ರು ಕೆಳಗಿನಿಂದ "ಎಡ, ಬಲ! ಬೆನ್ನು ನೆಟ್ಟಗೆ!" ಎಂದು ಕೂಗುತ್ತಲೇ ಇದ್ದರು. ದೊಡ್ಡಮ್ಮನ ಹಾಸಿಗೆ ಬಾಗಿಲಲ್ಲಿ ಸಿಕ್ಕಿಕೊಂಡು, ಹಾಸಿಗೆಗೂ ಚೌಕಟ್ಟಿಗೂ ನಡುವೆ ಧೂಳಪ್ಪ ಸಿಕ್ಕಿಕೊಂಡ. ಹೆಂಡತಿ ಕಾಲು ಹಿಡಿದು ಎಳೆದು ಬಿಡಿಸಿದಳು. ಅಷ್ಟಾದರೂ ಗ್ರಂಥಾಲಯದ ಬಾಗಿಲಲ್ಲಿ ಮೀಟರಿನ ಅಂಕ ತೋರಿಸುವ ಫಲಕ ನೂರಕ್ಕಿಂತ ಕೆಳಗಿಳಿಯಲಿಲ್ಲ. ನೆಲದ ಮೇಲೆ ಕೂತ ಧೂಳು ಒಂದೊಂದು ಸ್ಕೂಟರು ಹೋದಾಗಲೂ ಏಳುತ್ತಿತ್ತು. ಧೂಳಪ್ಪ ಪೈಪು ಎಳೆದು ತಂದು ಇಡೀ ಬೀದಿಗೆ ನೀರು ಹೊಡೆದ. ಊಟ ಇಲ್ಲ, ತಿಂಡಿ ಇಲ್ಲ, ಕಣ್ಣೆಲ್ಲ ಫಲಕದ ಮೇಲೆ. ಮೂರು ಗಂಟೆಗೆ ಅಂಕ ಐವತ್ತಕ್ಕೆ ಇಳಿಯಿತು. ಇನ್ನೂ ಹೊಡೆದ. ನಾಲ್ಕು ಗಂಟೆಗೆ ಫಲಕ ಸರಾಸರಿ ತೋರಿಸಿತು: ನಲವತ್ತೊಂದು!

ಧೂಳಪ್ಪ ಬೀದಿಯಲ್ಲೇ ಕುಣಿದ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು, ಕೆನ್ನೆಯ ಧೂಳು ಕೆಸರಾಯಿತು. ಅದೇ ಅವತಾರದಲ್ಲಿ ಕಚೇರಿಗೆ ಓಡಿದ.

ಸಭೆಯಲ್ಲಿ ಸಮಿತಿಯ ಅಧ್ಯಕ್ಷೆ ಲಕೋಟೆ ಒಡೆದು, ಕನ್ನಡಕ ಸರಿಮಾಡಿಕೊಂಡು ಓದಿದರು. "ಮೀಟರು ತೋರಿಸಿದ್ದು ನಲವತ್ತೊಂದು. ನಿಮ್ಮ ಮುನ್ಸೂಚನೆ... ನೂರಾ ನಲವತ್ತು."

ಧೂಳಪ್ಪ ಥಟ್ಟನೆ ತಿರುಗಿ ನೋಡಿದ. ಪಕ್ಕದಲ್ಲಿ ಮುಖ್ಯಸ್ಥರು ಬೆವರು ಒರೆಸಿಕೊಳ್ಳುತ್ತಿದ್ದರು.

"ಸಾರ್, ಏನಿದು?" ಎಂದು ಪಿಸುಗುಟ್ಟಿದ.

"ಮೀಟರು ನೂರಾ ನಲವತ್ತೆರಡಕ್ಕೆ ಹೋಗಿತ್ತಲ್ಲಯ್ಯಾ! ಪಾಪ, ಐದು ವರ್ಷ ದುಡಿದಿದ್ದಾನೆ, ಹುಡುಗನ ಕೆಲಸ ಉಳಿಸೋಣ ಅಂತ ಲಕೋಟೆ ಕೊಡೋ ಮುಂಚೆ ನಾನೇ ನಲವತ್ತರ ಎಡಕ್ಕೆ ಒಂದು ಸೇರಿಸಿಬಿಟ್ಟೆ. ಹೇಳೋಣ ಅಂದ್ರೆ ನಿನ್ನ ಫೋನು ನಿನ್ನ ಮೇಜಿನ ಮೇಲೇ ಬಡ್ಕೊಳ್ತಿತ್ತು."

ಧೂಳಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಲವತ್ತು ಅಂದವನು ನಾನು ಎಂದರೆ ಮುಖ್ಯಸ್ಥರ ನೌಕರಿ ಹೋಗುತ್ತೆ. ನೂರಾ ನಲವತ್ತನ್ನು ಇಳಿಸಿದವನು ನಾನು ಎಂದರೆ ತನ್ನ ಮಾನವೂ ಹೋಗುತ್ತೆ.

"ನೂರರಷ್ಟು ವ್ಯತ್ಯಾಸ!" ಅಧ್ಯಕ್ಷೆ ಕಾಗದ ಮಡಚಿದರು. "ಈ ವಿಭಾಗ ಮುಚ್ಚೋದೇ ಸರಿ." ಅಷ್ಟರಲ್ಲಿ ಅವರ ಕಣ್ಣು ಧೂಳಪ್ಪನ ಮೇಲೆ ಬಿತ್ತು. "ಅರೆ, ಬರೋವಾಗ ಕಾರಿನಿಂದ ನೋಡಿದೆ. ಗ್ರಂಥಾಲಯದ ಬೀದಿಗೆ ನೀರು ಹೊಡೀತಿದ್ದವರು ನೀವೇ ಅಲ್ವಾ?"

ಧೂಳಪ್ಪ ತಲೆ ತಗ್ಗಿಸಿ ಹೂಂ ಎಂದ. ಇನ್ನು ಪೊಲೀಸರನ್ನೇ ಕರೆಸುತ್ತಾರೆ ಎಂದುಕೊಂಡ.

"ಧೂಳು ಏಳುತ್ತೆ ಅಂತ ಗೊತ್ತಾದ ಕೂಡ್ಲೆ ನೀವೇ ಬೀದಿಗಿಳಿದ್ರಾ? ಇಂಥವರು ಬೇಕು ನಮಗೆ! ನಿಮ್ಮ ಕಂಪ್ಯೂಟರಿಗಿಂತ ನಿಮ್ಮ ಪೈಪೇ ವಾಸಿ. ನಾಳೆಯಿಂದ ರಸ್ತೆಗೆ ನೀರು ಹಾಕೋ ಲಾರಿ ಮೇಲೆ ಕೆಲಸ ಕೊಡ್ತೀವಿ."

ಧೂಳಪ್ಪನಿಗೆ ಹೋದ ಜೀವ ಅರ್ಧ ಬಂತು. "ಖಾಯಂ ಕೆಲಸಾನಾ ಮೇಡಂ?"

"ಛೆ ಛೆ, ತಾತ್ಕಾಲಿಕ," ಎಂದರು ಅಧ್ಯಕ್ಷೆ. "ಇನ್ನೊಂದು ಐದು ವರ್ಷ ಹೇಗೆ ಮಾಡ್ತೀರಿ ನೋಡೋಣ."