ಬೇಕಾದಾಗ ಬಾರದ ಮಳೆರಾಯ

ಕ್ಯೋಟೋದ ಉಪ್ಪಿನಕಾಯಿ ಕಂಪನಿಯೊಂದರ ಗುಮಾಸ್ತ ತೊಯೊಶಿಮಾ ಪಾಪದ ಮನುಷ್ಯ. ಆದರೆ ಅವನು ಹೊರಟಲ್ಲೆಲ್ಲ ಮಳೆಯೂ ಹೊರಡುತ್ತಿತ್ತು. ಅಂಥವನಿಗೆ ಆ ಊರಿನಲ್ಲಿ ಮಳೆರಾಯ ಎಂದೇ ಹೆಸರು. ಆ ಹೆಸರು ಒಮ್ಮೆ ಅಂಟಿತೆಂದರೆ ಉಜ್ಜಿದರೂ ಹೋಗುವುದಿಲ್ಲ. ಈ ವರ್ಷ ಚೆರಿ ಹೂ ನೋಡಲು ಹೋದ ಆಫೀಸಿನವರೆಲ್ಲ ಸೇತುವೆಯ ಕೆಳಗೆ ಕೂತು ಬುತ್ತಿ ಬಿಚ್ಚಿದ್ದರು.

"ನಾಳೆ ದೇವಸ್ಥಾನ ಸುತ್ತೋವಾಗ್ಲೂ ಮಳೆ ಬಂದ್ರೆ, ಬಿಸಿನೀರಿನ ಬುಗ್ಗೆ ಪ್ರವಾಸಕ್ಕೆ ನಿಮ್ಮನ್ನ ಕರ್ಕೊಂಡು ಹೋಗಲ್ಲ ಕಣ್ರೀ," ಎಂದರು ಮ್ಯಾನೇಜರ್ ಹತಾನಾಕಾ.

ತೊಯೊಶಿಮಾ ವರ್ಷವಿಡೀ ಕನಸು ಕಾಣುವುದೇ ಆ ಬುಗ್ಗೆಯನ್ನು. ಹೆದರಿ, ಮಳೆ ತಡೆಯುತ್ತದೆಂದು ಅಲ್ಲಿನ ಜನ ನಂಬುವ ಬಿಳಿ ಬಟ್ಟೆಯ ಗೊಂಬೆಯನ್ನು ಕಿಟಕಿಯ ಹೊರಗೆ ಕಟ್ಟಿದ. ಬೆಳಿಗ್ಗೆ ನೋಡಿದರೆ ಗೊಂಬೆಯೇ ನೆನೆದು ತೊಟ್ಟಿಕ್ಕುತ್ತಿತ್ತು.

ಮೊದಲ ದೇವಸ್ಥಾನದಲ್ಲಿ ಅವನ ಬೂಟು ಕಪ್ಪೆಯಂತೆ ವಟಗುಟ್ಟಿತು. "ನೀವ್ ಮಾತ್ರ ಬುದ್ಧನಿಗೆ ಕೈ ಮುಗೀಬೇಡಿ, ಅವನೂ ನೆಂದು ಹೋದಾನು," ಎಂದಳು ಜೊತೆಗೆಲಸದ ಕಿನುಯೊ. ಎಲ್ಲರೂ ನಕ್ಕರು. ಬುಗ್ಗೆ ಕೈ ತಪ್ಪಿತಲ್ಲ ಎಂದುಕೊಳ್ಳುತ್ತ ಅವನು ಬೂಟು ಬಿಚ್ಚಿ ನೀರು ಸುರಿದ.

ಮಧ್ಯಾಹ್ನ, ನೆಲಕ್ಕೆಲ್ಲ ಹಸಿರು ಪಾಚಿಯನ್ನೇ ಬೆಳೆಸಿದ್ದ ದೇವಸ್ಥಾನವೊಂದರ ತೋಟದ ಬಾಗಿಲಿಗೆ, ಇವರ ಜೊತೆ ತೋಟ ನೋಡಲೆಂದು ಕಂಪನಿಯ ದೊಡ್ಡ ಗಿರಾಕಿ, ಟೋಕಿಯೋದ ಶಿರಕಾತಾ ಬಂದರು. ಅವರು ಕಾರಿನಿಂದ ಕಾಲು ಕೆಳಗಿಟ್ಟರು, ಮಳೆ ನಿಂತಿತು.

"ನೋಡಿದ್ರಾ ನನ್ನ ಹಣೆಬರಹ," ಎಂದು ಮುದುಕರು ಮುಖ ಸಪ್ಪಗೆ ಮಾಡಿದರು. "ನಾನು ಹೋದಲ್ಲೆಲ್ಲ ಬಿಸಿಲೇ. ಪಾಚಿ ಅಂದ್ರೆ ಮಳೇಲಿ ನೋಡ್ಬೇಕು. ಅದೊಂದು ಆಸೆ ಹಾಗೇ ಉಳ್ಕೊಂಡ್ಬಿಟ್ಟಿದೆ."

ಹತಾನಾಕಾ ಜನ್ಮದಲ್ಲೇ ಮೊದಲ ಸಲ ತೊಯೊಶಿಮಾನನ್ನು ಪ್ರೀತಿಯಿಂದ ನೋಡಿದರು. "ಯೋಚ್ನೆ ಮಾಡ್ಬೇಡಿ, ನಮ್ಮಲ್ಲೊಬ್ರು ಮಳೆರಾಯ ಇದಾರೆ," ಎಂದು ಅವನನ್ನು ಮುಂದಕ್ಕೆ ತಳ್ಳಿ, ಕಿವಿಯಲ್ಲಿ ಪಿಸುಗುಟ್ಟಿದರು: "ಮನಸ್ಸು ಮಾಡ್ರೀ. ನಾಲ್ಕು ಹನಿ ಸಾಕು, ಬುಗ್ಗೆಗೆ ಹೋಗೋ ಬಸ್ಸಲ್ಲಿ ಕಿಟಕಿ ಸೀಟು ನಿಮ್ದೇ."

ತೊಯೊಶಿಮಾ ಎದೆಯುಬ್ಬಿಸಿ ಆಕಾಶ ನೋಡಿದ. ಕೊಳ ಸುತ್ತಿದ, ಕಲ್ಲಿನ ದೀಪಕ್ಕೆ ಕೈ ಮುಗಿದ, ಬೇಕೆಂದೇ ಕೊಡೆಯನ್ನು ದೂರ ಇಟ್ಟು ಬಂದ. ಬಿಸಿಲು ಇನ್ನೂ ಚುರುಕಾಯಿತು. ಪಾಚಿ ಹಳೆಯ ಕಂಬಳಿಯಂತೆ ಒಣಗುತ್ತ ಬಂತು. ಶಿರಕಾತಾ ನಿಟ್ಟುಸಿರುಬಿಟ್ಟು ಕಾರು ಹತ್ತಿದರು.

ಎಲ್ಲರೂ ಸಾಲಾಗಿ ನಿಂತು, ಅಲ್ಲಿನ ಪದ್ಧತಿಯಂತೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಕಾರು ಮರೆಯಾಗುವ ತನಕ ತಲೆ ಎತ್ತುವಂತಿಲ್ಲ. ಅದು ತಿರುವಿನಲ್ಲಿ ಮರೆಯಾಗುತ್ತಿದ್ದಂತೆ, ಬಗ್ಗಿದ್ದ ಅಷ್ಟೂ ಬೆನ್ನುಗಳ ಮೇಲೆ ಮಳೆ ಧೋ ಎಂದು ಸುರಿಯಿತು. ಬಾಗಿಲ ಸಂದಿಯಲ್ಲಿ ಪಾಚಿ ಹಸಿರುಹಸಿರಾಗಿ ಮಿನುಗಿತು. ತೊಯೊಶಿಮಾ ಬಗ್ಗಿಕೊಂಡೇ ಅದನ್ನು ಕಣ್ತುಂಬ ನೋಡಿದ. ಇಂಥ ಚೆಲುವನ್ನು ಅವನು ಕಂಡಿರಲಿಲ್ಲ, ಮನಸ್ಸು ತಣ್ಣಗಾಯಿತು.

ಪಕ್ಕದಲ್ಲಿ ಬಗ್ಗಿದ್ದ ಹತಾನಾಕಾ ಮೂಗಿನ ತುದಿಯಿಂದ ನೀರಿಳಿಸುತ್ತ, ಬಹಳ ಮರ್ಯಾದೆಯಿಂದ ಹೇಳಿದರು:

"ತೊಯೊಶಿಮಾ ಅವ್ರೇ, ಬುಗ್ಗೆಗೆ ನೀವು ಖಂಡಿತ ಹೋಗ್ಲೇಬೇಕು. ನಾವು ವಾಪಸ್ ಬಂದ ಮಾರನೇ ದಿನ."