ಚೆಕಿಂಗ್ ಆಗದ ಮಾಲು

೧೯೮೯ರಲ್ಲಿ, ಏಳನೇ ತರಗತಿಯ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ಅಪ್ಪ ಕುರಿಗಳನ್ನು ಅಣ್ಣ ಬೀರಪ್ಪನಿಗೆ ಒಪ್ಪಿಸಿದ, ನನ್ನನ್ನು ಬಳ್ಳಾರಿಯ ಜೀನ್ಸ್ ಹೊಲಿಯುವವರಿಗೆ. ಗುಂಡಿ ಹಚ್ಚುತ್ತ ಶುರುಮಾಡಿದವನು ಬೆಂಗಳೂರಿನಲ್ಲಿ ಕಟಿಂಗ್ ಮಾಸ್ಟರ್ ಆದೆ. ಕೊನೆಗೆ ರಾಯದುರ್ಗಕ್ಕೆ ಬಂದು ಸ್ವಂತ ಮೇಜು ಹಾಕಿದೆ. ನಲವತ್ತು ಪದರ ಡೆನಿಮ್ ಒಟ್ಟಿಗೆ ಕತ್ತರಿಸಿದರೂ ನೂಲಿನಷ್ಟು ತಪ್ಪದ ಕೈ ನನ್ನದು. ಇದನ್ನು ಕೇಳದವರಿಗೂ ಹೇಳುತ್ತಿದ್ದೆ.

ಚೆಕಿಂಗ್ ಆಗದ ಮಾಲು ಗೇಟು ದಾಟಬಾರದು. ಇದು ನನ್ನ ಧರ್ಮ.

ಮಗಳು ಶಾರದ ಮಾತ್ರ ನಾನು ಬಿಟ್ಟದ್ದನ್ನೂ ಸೇರಿಸಿ ಓದಿದಳು. ಜೀವಿಗಳ ಮೇಲೆ ಸಂಶೋಧನೆ ಎಂದಾಗ ಹುಲಿಯೋ ಆನೆಯೋ ಇರಬೇಕೆಂದು ಬೀದಿಗೆಲ್ಲ ಹೇಳಿಬಿಟ್ಟೆ. ಆಕೆ ಆರಿಸಿಕೊಂಡದ್ದು ಕುರಿ ಹಿಕ್ಕೆ ಉರುಳಿಸುವ ಹುಳ!

ನಾಲ್ಕು ವರ್ಷ ರಜೆ ಬಂದಾಗಲೆಲ್ಲ ನಮ್ಮೂರಿನ ಗುಡ್ಡದಲ್ಲಿ ದೊಡ್ಡಪ್ಪನ ಮಂದೆಯ ಹಿಂದೆ ನಡೆದಳು. ಜಂತುಹುಳದ ಔಷಧಿ ಕುಡಿಸಿದ ಕುರಿಯ ಹಿಕ್ಕೆಯನ್ನು ಆ ಹುಳಗಳು ಮೂಸುವುದಿಲ್ಲ ಎಂದು ಮೊದಲು ತೋರಿಸಿದವನು ಅಣ್ಣ. ಅದನ್ನು ಎಣಿಸಿ, ಅಳೆದು ಇಂಗ್ಲಿಷಿನಲ್ಲಿ ಬರೆದವಳು ಮಗಳು.

ಅಷ್ಟರಲ್ಲಿ ಅಣ್ಣ ಉಬ್ಬಸ ಹೆಚ್ಚಿ ಹಾಸಿಗೆ ಹಿಡಿದ. ಅವನಿಗಿದ್ದ ಆಸೆ ಒಂದೇ. ಪುಸ್ತಕದಲ್ಲಿ ತನ್ನ ಹೆಸರು ಹೇಗೆ ಕಾಣುತ್ತದೆ ಎಂದು ನೋಡಬೇಕಿತ್ತು.

ಮಗಳು ಫೋನು ಮಾಡಿದಳು. "ಅಪ್ಪಾ, ಪತ್ರಿಕೆಯೋರು ತಜ್ಞರ ಕೈಲಿ ತಪ್ಪು ಹುಡುಕಿಸಿ ಅಚ್ಚು ಹಾಕಾಕ ವರ್ಷ ಹಿಡೀತೈತಿ. ಅದಕ್ಕ ಮೊದ್ಲ ನೆಟ್‌ನ್ಯಾಗ ಎಲ್ರಿಗೂ ಕಾಣಂಗ ಇಟ್ಟೀನಿ. ಪ್ರಿಪ್ರಿಂಟ್ ಅಂತಾರ. ಕೊನೇ ಪುಟದ ಕೊನೇ ಸಾಲು ದೊಡ್ಡಪ್ಪನ ಹೆಸರು. ಪ್ರಿಂಟ್ ತೆಗೆಸಿ ಒಯ್ದು ತೋರ್ಸು."

ಆರು ಹಾಳೆಯ ಎರಡೂ ಬದಿಗೆ, ಹನ್ನೆರಡು ಪುಟ ಪ್ರಿಂಟ್ ಹಾಕಿಸಿದೆ. ಪ್ರತಿ ಪುಟದ ನೆತ್ತಿಯ ಮೇಲೆ ಸಣ್ಣಕ್ಷರದ ಸಾಲೊಂದಿತ್ತು. ಏನೆಂದು ಜೆರಾಕ್ಸ್ ಅಂಗಡಿಯವನನ್ನು ಕೇಳಿದೆ. ಇದು ಇನ್ನೂ ತಜ್ಞರ ಪರಿಶೀಲನೆ ಆಗದ ಬರಹ ಎಂದ.

ಅಂದರೆ ಚೆಕಿಂಗ್ ಆಗದ ಮಾಲು! ನನ್ನ ಮಗಳ ಕೆಲಸದ ಮೇಲೆ ರಿಜೆಕ್ಟ್ ಮಾಲಿನ ಗುರುತೇ? ಹೆಂಡತಿ ಈರಮ್ಮ, ಇದ್ದದ್ದನ್ನು ಇದ್ದ ಹಾಗೆ ಒಯ್ಯಿರಿ ಎಂದಳು. ನಾನು ಕೇಳಲಿಲ್ಲ. ಆರೂ ಹಾಳೆ ಒಂದರ ಮೇಲೊಂದು ಅಂಚು ಕೂಡಿಸಿ ಮೇಜಿನ ಮೇಲೆ ಹಾಸಿದೆ. ಗೆರೆ ಎಳೆದೆ. ನೆತ್ತಿಯ ಪಟ್ಟಿಯನ್ನು ಒಂದೇ ಏಟಿಗೆ ಹಾರಿಸಿದೆ. ಕತ್ತರಿಸಿದ ಕಡೆ ಡೆನಿಮ್ ಪಟ್ಟಿ ಕೂರಿಸಿ, ಕಿತ್ತಳೆ ದಾರದಲ್ಲಿ ಜೋಡಿ ಹೊಲಿಗೆ ಹಾಕಿದೆ. ಗೋಡೆಯ ಕ್ಯಾಲೆಂಡರಿನಂತೆ ಮೇಲಕ್ಕೆ ಮಗುಚುವ ಪುಸ್ತಕ. ಐದು ನಿಮಿಷ ಅದನ್ನೇ ನೋಡುತ್ತ ನಿಂತೆ.

ಊರಿನಲ್ಲಿ ಅಣ್ಣನ ಮಂಚದ ಸುತ್ತ ಜನ ಸೇರಿದ್ದರು. ಶಾಲೆಯ ಮೇಷ್ಟ್ರು ಕೊನೆಯ ಪುಟ ಮಗುಚಿ, ಕನ್ನಡದಲ್ಲಿ ಅರ್ಥ ಹೇಳುತ್ತ ಹೋದರು. ನಾಲ್ಕು ವರ್ಷ ಗುಡ್ಡದಲ್ಲಿ ನಮ್ಮನ್ನು ನಡೆಸಿ, ಈ ಸಂಗತಿಯನ್ನು ಮೊದಲು ತೋರಿಸಿಕೊಟ್ಟ...

ಅಷ್ಟಕ್ಕೇ ನಿಂತರು.

"ಮುಂದ ಯಾರ ಹೆಸರ್ರಿ?" ಅಣ್ಣ ಕೇಳಿದ.

"ಮುಂದ ಹೊಲಿಗಿ ಐತಪ್ಪ," ಅಂದರು ಮೇಷ್ಟ್ರು.

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿದ್ದೂ ಕ್ಯಾಲೆಂಡರಿನಂತೆಯೇ. ಮುಂಬದಿಯ ತಲೆ ಎಲ್ಲಿತ್ತೋ ಹಿಂಬದಿಯ ಕಾಲು ಅಲ್ಲೇ ಇತ್ತು. ನಾನು ಹಾರಿಸಿದ್ದು ಅಣ್ಣನ ಹೆಸರನ್ನು! ಚೆಕಿಂಗ್ ಆಗಿಲ್ಲ ಎಂಬ ಸಾಲು ಹಿಂಬದಿಯ ಆರೂ ಪುಟಗಳ ನೆತ್ತಿಯ ಮೇಲೆ ಹಾಯಾಗಿ ಕೂತಿತ್ತು. ಕತ್ತರಿ ಹಾಕುವ ಮುಂಚೆ ಬಟ್ಟೆ ಮಗುಚಿ ನೋಡಬೇಕು ಎಂದು ಮೂವತ್ತು ವರ್ಷ ಊರಿಗೆಲ್ಲ ಪಾಠ ಹೇಳಿದ ಕೈ ಇದು.

ಹೆಸರಿತ್ತು, ನಾನೇ ಕತ್ತರಿಸಿದೆ ಎಂದೆ. ಯಾರೂ ನಂಬಿದಂತೆ ಕಾಣಲಿಲ್ಲ. ಅಂಥ ಕಟಿಂಗ್ ಮಾಸ್ಟರ್ ಹಾಗೆ ಮಾಡುತ್ತಾನೆಯೇ? ನನ್ನ ಜಂಬವೇ ನನ್ನ ವಿರುದ್ಧ ಸಾಕ್ಷಿ ಹೇಳಿತು.

ಅಣ್ಣ ಡೆನಿಮ್ ಪಟ್ಟಿಯನ್ನು ಬೆರಳಿನಿಂದ ಸವರಿದ. "ಇರ್ಲಿ ಬಿಡೋ ತಮ್ಮ. ಆ ಹುಳಕ್ಕ ಗೊತ್ತೈತಲ್ಲ," ಅಂದು ಪುಸ್ತಕವನ್ನು ಕಂಬಳಿಯೊಳಗೆ ಎಳೆದುಕೊಂಡ.

ರಾಯದುರ್ಗಕ್ಕೆ ಬಂದು, ಕತ್ತರಿಸಿ ಎಸೆದ ಪಟ್ಟಿಗಾಗಿ ಕಸದ ಚೀಲ ತಡಕಿದೆ. ಚೂರುಗಳನ್ನೆಲ್ಲ ಚಿಂದಿಯವನು ಆಗಲೇ ಒಯ್ದಿದ್ದ. ಮಗಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. "ಅದು ರಿಜೆಕ್ಟ್ ಗುರುತಲ್ಲಪ್ಪ. ತಪ್ಪಿದ್ರ ಹೇಳ್ರಿ ಅಂತ ಎಲ್ಲಾರ್ನೂ ಕರಿಯೋ ಸಾಲು ಅದು," ಅಂದಳು.

ಹೊಸ ಪ್ರಿಂಟ್ ತೆಗೆಸಿದೆ. ಅಂದೇ ಬಸ್ಸು ಹತ್ತಬಹುದಿತ್ತು. ಈ ಸಲ ಒಂದು ಕಲೆಯೂ ಬೀಳಬಾರದೆಂದು ಲ್ಯಾಮಿನೇಷನ್‌ಗೆ ಕೊಟ್ಟೆ. ಅವರ ಯಂತ್ರ ಕೆಟ್ಟಿತ್ತು. ಎರಡು ದಿನ ಕಾದೆ.

ಮೂರನೆಯ ದಿನ ಹೊಳೆಯುವ ಹಾಳೆಗಳನ್ನು ಹಿಡಿದು ಊರಿನಲ್ಲಿ ಇಳಿದಾಗ ಅಣ್ಣನನ್ನು ಅಂಗಳದಲ್ಲಿ ಮಲಗಿಸಿದ್ದರು. ಹೊಲಿದ ಪುಸ್ತಕ ಅವನ ಎದೆಯ ಮೇಲಿತ್ತು. ಅದರೊಂದಿಗೇ ಮಣ್ಣು ಮಾಡಿದೆವು.

ವರ್ಷದ ಮೇಲೆ, ಚೆಕಿಂಗ್ ಆದ ಮಾಲೂ ಬಂತು. ತಜ್ಞರು ಹೇಳಿದಂತೆ ಅಲ್ಲಲ್ಲಿ ತಿದ್ದಿದ್ದಾಳಂತೆ. ಕೊನೆಯ ಸಾಲಿಗೆ ಒಂದು ಪದ ಹೆಚ್ಚಾಗಿದೆ. ಹೆಸರಿನ ಹಿಂದೆ ದಿವಂಗತ ಎಂದು ಸೇರಿಸಿದ್ದಾಳೆ.

ಈಗ ನನ್ನ ಹತ್ತಿರ ಇರುವುದು ಎರಡು ಹೊಲಿಗೆ ಯಂತ್ರ, ಒಂದು ಕತ್ತರಿ, ಅಣ್ಣನ ಒಂದು ಕಂಬಳಿ, ನೀರು ಬಿದ್ದರೂ ನೆನೆಯದ ಆರು ಹಾಳೆ. ಮತ್ತೆ, ಅವುಗಳನ್ನು ದಿನಕ್ಕೊಮ್ಮೆ ಮಗುಚಿ ನೋಡುವ ಕಟಿಂಗ್ ಮಾಸ್ಟರ್ ಒಬ್ಬ.