ಧಾರವಾಡದ ಹೆಪ್ಪು

ಅಳಿಯ ವಿರುಪಾಕ್ಷ ಜೀವನದಲ್ಲಿ ಒಮ್ಮೆ ಪಾತ್ರೆ ತೊಳೆದ. ಅದೂ ತೊಳೆಯಬಾರದ ಪಾತ್ರೆಯನ್ನು.

ಮಾವನನ್ನು ನೋಡಿಕೊಂಡು ಹೋಗೋಣವೆಂದು ಸಿಡ್ನಿಯ ಸ್ಕೋಫೀಲ್ಡ್ಸ್‌ನಿಂದ ಮೆಲ್ಬರ್ನ್‌ಗೆ ಬಂದವನು, ಬೆಳಗ್ಗೆ ಫ್ರಿಜ್ಜಿನಲ್ಲಿ ಬಟ್ಟಲ ತಳದಲ್ಲಿದ್ದ ಮೊಸರನ್ನು ಅವಲಕ್ಕಿಗೆ ಕಲಸಿಕೊಂಡು ತಿಂದ. ಆಮೇಲೆ ಹೊಸ ಸೊಸೆಯಂತೆ ಬಟ್ಟಲನ್ನು ಫಳಫಳ ತಿಕ್ಕಿ ಬೋರಲು ಹಾಕಿದ. ಮಾವ ಶಾಂತವೀರಪ್ಪನವರು ಅದನ್ನು ನೋಡಿ ಕುರ್ಚಿ ತಡವಿಕೊಂಡು ಕೂತರು.

"ಹೆಪ್ಪು ಎಲ್ಲೈತ್ರಿ, ಅಳಿಯಂದ್ರ?"

"ಯಾವ ಹೆಪ್ಪು, ಮಾವಾರ?"

"ನಿಮ್ಮ ಹೊಟ್ಟ್ಯಾಗ ಐತಲ್ರಿ, ಅದು."

ಹೆಂಡತಿ ಚನ್ನಬಸವ್ವ ತೀರಿಕೊಂಡು ವರ್ಷವಾಗಿತ್ತು. ಸೀರೆಗಳನ್ನು ಮಗಳು ಒಯ್ದಿದ್ದಳು. ಉಳಿದದ್ದು ಆ ಹೆಪ್ಪು. ಈ ದೇಶಕ್ಕೆ ಬರುವಾಗ ಚನ್ನಬಸವ್ವ ಬಿಳಿ ಕರವಸ್ತ್ರವೊಂದನ್ನು ಧಾರವಾಡದ ಮೊಸರಿನಲ್ಲಿ ಅದ್ದಿ, ಒಣಗಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಿದ್ದರು. ಇಂದಿನ ಮೊಸರಿನಿಂದ ನಾಳಿನದು, ನಾಳಿನದರಿಂದ ನಾಡಿದ್ದಿನದು, ಬೂದಿ ಮುಚ್ಚಿಟ್ಟ ಕೆಂಡದಂತೆ ಆರದೆ ನಡೆದುಬಂದಿತ್ತು. ಆಕೆಯ ಕೈಯದೊಂದು ಈ ಮನೆಯಲ್ಲಿ ಇನ್ನೂ ಜೀವಂತವಾಗಿತ್ತು.

ಹಾಲಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದವರು ಶಾಂತವೀರಪ್ಪ. ವರ್ಷವಿಡೀ ಅದೇ ಹೆಪ್ಪಿನಿಂದ ಮೊಸರು ಮಾಡಿದರು. ಥರ್ಮಾಮೀಟರ್ ಇಟ್ಟರು, ಸೂಕ್ಷ್ಮದರ್ಶಕದಲ್ಲಿ ಇಣುಕಿದರು, ಹಸುಗೂಸಿಗೆ ಹೊದಿಸಿದಂತೆ ಬಟ್ಟಲಿಗೆ ಶಾಲು ಹೊದಿಸಿದರು. ಮೊಸರೇನೋ ಆಗುತ್ತಿತ್ತು, ಆಕೆಯ ಮೊಸರಾಗುತ್ತಿರಲಿಲ್ಲ. "ಎಲ್ಲೋ ಒಂದು ಜೀವಾಣು ಕಣ್ಣಿಗೆ ಬಿದ್ದಿಲ್ಲ. ಹೆಪ್ಪು ಇರೂತನಕ ಹುಡುಕಬಹುದು," ಎನ್ನುತ್ತಿದ್ದರು. ಈಗ ಹೆಪ್ಪೇ ಇಲ್ಲ.

"ಮಾವಾರ, ಅಂಗಡ್ಯಾಗಿಂದ ಒಂದು ಡಬ್ಬಿ ತಂದ್ರ..."

"ಅದು ಧಾರವಾಡದ ಹೆಪ್ಪು, ಅಳಿಯಂದ್ರ. ಕಾರ್ ತಗೀರಿ."

ಚನ್ನಬಸವ್ವ ತಾವಿದ್ದ ಕ್ರಾನ್‌ಬರ್ನ್ ಬಡಾವಣೆಯಲ್ಲಿ ಕೇಳಿದವರಿಗೆಲ್ಲ ಹೆಪ್ಪು ಕೊಟ್ಟವರು. ಮೊದಲು ಹಿಂದಿನ ಬೀದಿಯ ಮೂರ್ತಿಯ ಮನೆಗೆ ಹೋದರು.

"ಅಂಕಲ್, ನಮ್ಮನೇಲಿ ಈಗ ಹಾಲೇ ತರಲ್ಲ. ಮಗಳು ವೀಗನ್ ಆಗ್ಬಿಟ್ಟಿದಾಳೆ. ಆಂಟಿ ಕೊಟ್ಟ ಹೆಪ್ಪನ್ನ ಓಟ್ಸ್ ಹಾಲಿಗೆ ಹಾಕಿದ್ವಿ."

"ಏನಾತು?"

"ದೀಪಾವಳಿ ಪೋಸ್ಟರ್ ಅಂಟಿಸಕ್ಕೆ ಬಂತು."

ಪಕ್ಕದ ಮನೆಯ ಉಷಾ ಫ್ರೀಜರಿನಿಂದ ಡಬ್ಬಿಯೊಂದನ್ನು ತೆಗೆದು, "ಆಂಟಿ ಹೆಪ್ಪು, ಜೋಪಾನವಾಗಿ ಇಟ್ಟಿದೀನಿ," ಎಂದಳು. ಮೂವರೂ ಸುತ್ತ ಕೂತು ಕರಗುವುದನ್ನು ಕಾದರು. ಕರಗಿದ ಮೇಲೆ ನೋಡಿದರೆ ದೋಸೆ ಹಿಟ್ಟು.

ಅಷ್ಟರಲ್ಲಿ ಉಷಾ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ 'ಶಾಂತವೀರಪ್ಪ ಅಂಕಲ್ ಮನೆ ಹೆಪ್ಪು ಹೋಯ್ತು, ಯಾರ ಮನೇಲಾದ್ರೂ ಇದ್ರೆ ತಿಳಿಸಿ' ಎಂದು ಹಾಕಿಬಿಟ್ಟಳು. ಇಲ್ಲೇ ಹುಟ್ಟಿ ಬೆಳೆದ ಆರವ್ ಕೂಡಲೇ ಫೋನ್ ಮಾಡಿದ. "ಸಾರಿ ಅಂಕಲ್. ಯಾವ ಕಲರ್? ಕುತ್ತಿಗೇಲಿ ಕಾಲರ್ ಇತ್ತಾ?"

"ಬಿಳೇದಪ್ಪ," ಎಂದು ಶಾಂತವೀರಪ್ಪನವರು ಫೋನಿಟ್ಟರು.

ಕೊನೆಗೆ ಉಳಿದದ್ದು ಉಡುಪಿ ಕಡೆಯ ಗುಣವತಿ, ಚನ್ನಬಸವ್ವನ ಹಳೆಯ ಗೆಳತಿ. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು.

"ಒಳಗೆ ಬನ್ನಿ ಅಣ್ಣ. ನನ್ನ ಹತ್ರ ಉಂಟು. ಅಕ್ಕನದ್ದೇ."

ಶಾಂತವೀರಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗುಣವತಿ ತಂದು ಎದುರಿಗಿಟ್ಟದ್ದು ನೀಲಿ ಮುಚ್ಚಳದ ಡಬ್ಬಿ. ಸೀಲು ಕೂಡ ಒಡೆದಿರಲಿಲ್ಲ.

"ಇದು ಅಂಗಡೀದು ಅಲ್ಲೇನವಾ?"

"ಹೌದು ಅಣ್ಣ. ಅಕ್ಕನದ್ದೂ ಅದೇ."

ವಿರುಪಾಕ್ಷ ಚಾವಣಿ ನೋಡತೊಡಗಿದ.

"ಆ ಕರವಸ್ತ್ರವನ್ನು ಏರ್‌ಪೋರ್ಟಿನಲ್ಲೇ ಕಸ್ಟಮ್ಸಿನವರು ತೆಗೆದು ಕಸಕ್ಕೆ ಹಾಕಿದ್ರಂತೆ. ನೀವು ಟ್ರಾಲಿ ತಳ್ಳಿಕೊಂಡು ಮುಂದೆ ಹೋಗಿದ್ರಿ. ಮನೆಗೆ ಬಂದವರಿಗೆಲ್ಲ ನೀವು ಧಾರವಾಡದ ಹೆಪ್ಪು, ಧಾರವಾಡದ ಹೆಪ್ಪು ಅಂತ ಹೇಳ್ತಾ ಇದ್ರಿ. ಅಷ್ಟು ಖುಷಿಯಲ್ಲಿದ್ದವರಿಗೆ ಹೇಗೆ ಹೇಳುದು ಅಂತ ಅಕ್ಕ ಸುಮ್ಮನಾದ್ರು. ಚಳಿಗೆ ಹೆಪ್ಪು ಕೆಟ್ಟಾಗೆಲ್ಲ ನನ್ನನ್ನೇ ಅಂಗಡಿಗೆ ಕಳಿಸ್ತಿದ್ರು ಮಾರಾಯ್ರೇ."

ಶಾಂತವೀರಪ್ಪನವರು ಡಬ್ಬಿಯನ್ನು ತಿರುಗಿಸಿ ಅದರ ಮೇಲಿನ ಚೀಟಿ ಓದಿದರು.

"ಹಂಗಾದ್ರ ಆ ರುಚಿ ಎಲ್ಲಿಂದ ಬರ್ತಿತ್ತು?"

"ಅದು ಯಾರಿಗೆ ಗೊತ್ತು? ನಾನೂ ಇದನ್ನೇ ಹಾಕುದು, ನನಗೆ ಬರುದಿಲ್ಲ. ಹಾಲು ಎಷ್ಟು ಬಿಸಿ ಉಂಟು ಅಂತ ಅಕ್ಕ ಕಿರುಬೆರಳು ಅದ್ದಿ ನೋಡ್ತಿದ್ರು. ನೀವು ಥರ್ಮಾಮೀಟರ್ ತಂದುಕೊಟ್ಟ ಮೇಲೂ. ನೀವು ಇದ್ದಾಗ ಮಾತ್ರ ಅದನ್ನು ಇಡುದು."

ಬೆರಳಿನ ಮೇಲೂ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಗೆ ಎಂಬುದು ಶಾಂತವೀರಪ್ಪನವರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದರಿಂದಲೇ 'ಬೆರಳು ಅದ್ದಬ್ಯಾಡ' ಎಂದು ಥರ್ಮಾಮೀಟರ್ ತಂದುಕೊಟ್ಟಿದ್ದರು. ವರ್ಷವಿಡೀ ಬಟ್ಟಲೊಳಗೆ ಹುಡುಕಿದ್ದು ಬಟ್ಟಲೊಳಗೆ ಇರಲೇ ಇಲ್ಲವೇನೋ. ಇದ್ದ ಕೈಯನ್ನು ಮಣ್ಣು ಮಾಡಿ ಬಂದಾಗಿತ್ತು.

ಸಂಜೆ ಹಾಲು ಕಾಯಿಸಿದರು. ಥರ್ಮಾಮೀಟರನ್ನು ಕಪಾಟಿನಲ್ಲಿಟ್ಟು ಕಿರುಬೆರಳು ಅದ್ದಿದರು. ಅಭ್ಯಾಸವಿಲ್ಲದ ಬೆರಳು, ಬೊಬ್ಬೆ ಎದ್ದಿತು. ವಿರುಪಾಕ್ಷ ಮಾವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತ. ಹಾಲು ಆರಿದ ಮೇಲೆ ಗುಣವತಿ ಕೊಟ್ಟ ಡಬ್ಬಿಯಿಂದಲೇ ಹೆಪ್ಪು ಹಾಕಿದರು.

ಮರುದಿನ ಬೆಳಗ್ಗೆ ಮೊಸರು ಕೊಯ್ದು ಹೋಳು ಮಾಡುವಷ್ಟು ಗಟ್ಟಿಯಾಗಿತ್ತು. ಶಾಂತವೀರಪ್ಪನವರು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಹೆಂಗೈತ್ರಿ, ಮಾವಾರ?"

"ಮೊಸರಿನಂಗೈತಿ."

ಬಟ್ಟಲನ್ನು ಅಳಿಯನ ಕಡೆಗೆ ಸರಿಸಿದರು. ಪಟ್ಟಿ ಸುತ್ತಿದ ಬೆರಳನ್ನು ನೋಡಿಕೊಂಡರು.

"ತಿನ್ರಿ. ತಳದಾಗ ಚೂರು ಬಿಡ್ರಿ ಮತ್ತ. ಇನ್ನೂ ಒಂಬತ್ತು ಬೆರಳು ಅದಾವ."